ದೂರದ ಕಾಲುದಾರಿ ನಡಿಗೆ: ನಾಲ್ಕನೇ ದಿನವೂ ಕಾಲು ಎದ್ದು ನಡೆಯಬೇಕಾದರೆ

ಹೊಲ, ಗುಡ್ಡ, ಹುಲ್ಲುಗಾವಲು ದಾಟಿಕೊಂಡು ಹತ್ತಾರು ದಿನ ನಡೆಯುವ ಕಾಲುದಾರಿಗೆ ಹೊರಟವರು ಅರ್ಧಕ್ಕೆ ವಾಪಸ್ ಬಂದರೆ, ಕೇಳಿ ನೋಡಿ, ಕತೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಮೊದಲ ದಿನ ಹುರುಪಿನಲ್ಲಿ ಜಾಸ್ತಿ ನಡೆದರು. ಎರಡನೇ ದಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಮೂರನೇ ದಿನ ಕುಂಟಿದರು. ನಾಲ್ಕನೇ ದಿನ ಬಸ್ಸು ಹತ್ತಿದರು. ಅವರಿಗೆ ಶಕ್ತಿ ಇರಲಿಲ್ಲ ಅಂತಲ್ಲ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದ್ದರು, ಅಷ್ಟೇ.

ಹಾಗಾಗಿ ಇಲ್ಲಿ ಹೇಳಿರುವುದೆಲ್ಲ ಆ ಮೊದಲ ಮೂರು ದಿನವನ್ನು ದಾಟುವುದಕ್ಕೆ. ಅದನ್ನು ದಾಟಿದರೆ ದೇಹ ತಾನೇ ಹೊಂದಿಕೊಳ್ಳಲು ಶುರು ಮಾಡುತ್ತದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಕೆಡುತ್ತದೆ.

ಹಂತ 1: ಮೊದಲು ದಿನದ ದೂರ ಗೊತ್ತು ಮಾಡಿ

ಎಲ್ಲರೂ ಹಾಕುವ ಲೆಕ್ಕ ಹೀಗೆ: ಒಟ್ಟು 200 ಕಿ.ಮೀ., ರಜೆ 8 ದಿನ, ಅಂದ್ರೆ ದಿನಕ್ಕೆ 25. ಹೊರೆ ಇಲ್ಲದೆ, ಸಮತಟ್ಟು ರಸ್ತೆಯಲ್ಲಿ, ಒಂದೇ ದಿನಕ್ಕಾದರೆ 25 ಕಿ.ಮೀ. ದೊಡ್ಡದೇನಲ್ಲ. ಆದರೆ ಇಲ್ಲಿ ಮರುದಿನ ಬೆಳಗ್ಗೆ ಎದ್ದು ಮತ್ತೆ ಅಷ್ಟೇ ನಡೆಯಬೇಕು, ಅದರ ಮರುದಿನವೂ ನಡೆಯಬೇಕು.

ಬರೀ ಕಿಲೋಮೀಟರ್ ನೋಡಬೇಡಿ, ಏರು ಎಷ್ಟಿದೆ ನೋಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಿನದ ದಾರಿ 18 ಕಿ.ಮೀ., ಏರು 600 ಮೀಟರ್ ಅಂದುಕೊಳ್ಳಿ. ನಡೆಯಲು 3 ಗಂಟೆ 36 ನಿಮಿಷ, ಏರಿಗೆ 1 ಗಂಟೆ, ಒಟ್ಟು 4 ಗಂಟೆ 36 ನಿಮಿಷ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಬರುವ ಲೆಕ್ಕ. ಹೊರೆ, ಊಟ, ಕೂರುವುದು, ದಾರಿ ಹುಡುಕುವುದು ಎಲ್ಲ ಸೇರಿಸಿ ಇದಕ್ಕೆ ಅರ್ಧದಷ್ಟು ಕೂಡಿಸಿ. ಸುಮಾರು 7 ಗಂಟೆ ಆಯಿತು. ಒಂದು ಇಡೀ ದಿನದ ಕೆಲಸ ಅಂದ್ರೆ ಇದು.

ನನ್ನ ಸಲಹೆ ಇಷ್ಟು. ಮೊದಲ ಮೂರು ದಿನ 12ರಿಂದ 15 ಕಿ.ಮೀ. ಮೀರಬೇಡಿ. ನಾಲ್ಕನೇ ದಿನದಿಂದ 18–20ಕ್ಕೆ ಏರಿಸಿ. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ, ಇಲ್ಲದಿದ್ದರೆ ಅರ್ಧ ದಿನದ ನಡಿಗೆ. ಈ ಲೆಕ್ಕದಲ್ಲಿ 8 ದಿನಕ್ಕೆ ಸುಮಾರು 120 ಕಿ.ಮೀ. ಆಗುತ್ತದೆ, 200 ಅಲ್ಲ. ಹಾಗಾದರೆ 120 ಕಿ.ಮೀ. ಭಾಗವನ್ನೇ ಆರಿಸಿ. ದಾರಿಯನ್ನು ತುಂಡು ತುಂಡಾಗಿ ಮುಗಿಸುವುದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಇಂಗ್ಲೆಂಡಿನ 431 ಕಿ.ಮೀ. ಪೆನ್ನೈನ್ ವೇ ಇರಲಿ, ಅಮೆರಿಕದ ಸುಮಾರು 3,500 ಕಿ.ಮೀ. ಅಪಲೇಚಿಯನ್ ಟ್ರೇಲ್ ಇರಲಿ, ವರ್ಷಗಟ್ಟಲೆ ಭಾಗ ಮಾಡಿಕೊಂಡು ನಡೆಯುವವರು ಬಹಳ ಮಂದಿ ಇದ್ದಾರೆ.

ಪ್ರತಿ ದಿನದ ದಾರಿಯ ಪಕ್ಕದಲ್ಲಿ ಇನ್ನು ಮೂರು ವಿಷಯ ಬರೆದಿಡಿ: ನೀರು ಎಲ್ಲಿ ಸಿಗುತ್ತದೆ, ಆಹಾರ ಎಲ್ಲಿ ಸಿಗುತ್ತದೆ, ಮಧ್ಯದಲ್ಲಿ ಬಿಟ್ಟು ಹೊರಬರಲು ಹತ್ತಿರದ ರಸ್ತೆ ಎಲ್ಲಿದೆ. ಮೂರನೆಯದನ್ನು ಯಾರೂ ಬರೆಯುವುದಿಲ್ಲ. ಕಾಲು ಉಳುಕಿದಾಗ ಬೇಕಾಗುವುದು ಅದೇ. ದಾರಿ ಮುಚ್ಚಿದೆಯೇ, ಸೇತುವೆ ಕೊಚ್ಚಿಹೋಗಿದೆಯೇ, ಟೆಂಟ್ ಹಾಕಲು ಅನುಮತಿ ಬೇಕೇ ಎಂಬುದನ್ನು ಆ ದಾರಿಯನ್ನು ನೋಡಿಕೊಳ್ಳುವವರ ಪ್ರಕಟಣೆಯಲ್ಲಿ ಹೊರಡುವ ಹಿಂದಿನ ವಾರ ನೋಡಿಕೊಳ್ಳಿ. ವರ್ಷದ ಹಿಂದೆ ಯಾರೋ ಬರೆದದ್ದನ್ನು ನಂಬಿಕೊಂಡು ಹೋಗಬೇಡಿ.

ಹಂತ 2: ಶೂ ಮತ್ತು ಪಾದ

ಬ್ಯಾಗಿಗಿಂತ, ಜಾಕೆಟ್‌ಗಿಂತ, ಟೆಂಟಿಗಿಂತ ಮೊದಲು ಶೂ ಕೊಳ್ಳಿ. ಕಾರಣ ಸರಳ: ಉಳಿದದ್ದನ್ನು ಹೊರಡುವ ಹಿಂದಿನ ದಿನ ಕೊಂಡರೂ ನಡೆಯುತ್ತದೆ, ಶೂ ಮಾತ್ರ ಕಾಲಿಗೆ ಪಳಗಬೇಕು.

ಸಂಜೆ ಹೊತ್ತು ಹೋಗಿ ಕೊಳ್ಳಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ದಾರಿಯಲ್ಲೂ ಹಾಗೇ ಊದುತ್ತದೆ. ನಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಆಮೇಲೆ ಇಳಿಜಾರಿನಲ್ಲಿ ಇಳಿದು ನೋಡಿ, ಮೆಟ್ಟಿಲಾದರೂ ಸರಿ. ಬೆರಳು ಶೂ ತುದಿಗೆ ತಾಗಿದರೆ ಆ ಜೋಡಿ ಬೇಡ. ಒಂದು ದಿನದ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹತ್ತುವಾಗ ಹಿಮ್ಮಡಿ ಮೇಲೆ ಎದ್ದರೆ ಅದೂ ಬೇಡ. ಸಾಮಾನ್ಯವಾಗಿ ದಿನಬಳಕೆಯ ಅಳತೆಗಿಂತ ಅರ್ಧ ಅಥವಾ ಒಂದು ಅಳತೆ ದೊಡ್ಡದು ಸರಿಹೋಗುತ್ತದೆ.

ಬೂಟೋ, ಹಗುರ ಶೂವೋ? ದಾರಿ ಚೆನ್ನಾಗಿದ್ದು ಹೊರೆ ಕಡಿಮೆ ಇದ್ದರೆ ಹಗುರವಾದ ಟ್ರೇಲ್ ಶೂ ಸಾಕು, ಒದ್ದೆಯಾದರೂ ಬೇಗ ಒಣಗುತ್ತದೆ. ಕಲ್ಲುಮುಳ್ಳಿನ ದಾರಿ, ಭಾರವಾದ ಬ್ಯಾಗು ಅಂದ್ರೆ ಬೂಟು. ನೀರು ಒಳಗೆ ಬಿಡದ ಬೂಟು ಅಂತ ಪೂರ್ತಿ ನಂಬಬೇಡಿ. ಮೇಲಿನಿಂದ ಒಂದು ಸಲ ನೀರು ನುಗ್ಗಿತೋ, ಅದು ಹೊರಗೂ ಬರುವುದಿಲ್ಲ, ಬೇಗ ಒಣಗುವುದೂ ಇಲ್ಲ.

ಸಾಕ್ಸ್ ಉಣ್ಣೆಯದೋ ಸಿಂಥೆಟಿಕ್ಕೋ ಇರಲಿ, ಹತ್ತಿಯದು ಬೇಡ. ಹತ್ತಿ ಬೆವರನ್ನು ಹೀರಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಬೇಗ ಕೀಳುತ್ತದೆ. ಮೂರು ಜೊತೆ ಸಾಕು: ಒಂದು ಕಾಲಲ್ಲಿ, ಒಂದು ಒಣಗಲು, ಒಂದು ರಾತ್ರಿ ಮಲಗುವಾಗ ಮಾತ್ರ.

ಗುಳ್ಳೆ ಹೇಗೆ ಏಳುತ್ತದೆ ಅಂತ ಗೊತ್ತಿದ್ದರೆ ತಡೆಯುವುದು ಸುಲಭ. ಚರ್ಮ ಸಾಕ್ಸಿಗೆ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ. ಮಧ್ಯದ ಪದರಗಳು ಎಳೆದಾಡಿ ಒಂದಕ್ಕೊಂದು ಬಿಟ್ಟುಕೊಳ್ಳುತ್ತವೆ, ಆ ಸಂದಿಯಲ್ಲಿ ನೀರು ತುಂಬುತ್ತದೆ. ಹೀಗಾಗಿ ಶೂ ಬಿಗಿಯಾಗಿದ್ದರೆ ಮಾತ್ರವಲ್ಲ, ಸಡಿಲ ಇದ್ದರೂ ಗುಳ್ಳೆ ಬರುತ್ತದೆ. ಹಿಮ್ಮಡಿ ಆಡುತ್ತಿದ್ದರೆ ಶೂವಿನ ಮೇಲ್ತುದಿಯ ಕೊನೆಯ ಎರಡು ತೂತುಗಳನ್ನು ಬಳಸಿ: ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸಿನ ತುದಿಯನ್ನು ಆ ಕುಣಿಕೆಯೊಳಗೆ ತೂರಿಸಿ, ಎರಡನ್ನೂ ಕೆಳಕ್ಕೆಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಬೆರಳಿನ ಕಡೆ ಬಿಗಿ ಆಗುವುದಿಲ್ಲ.

ಉಗುರನ್ನು ಹೊರಡುವ ಕೆಲವು ದಿನ ಮುಂಚೆಯೇ ನೇರವಾಗಿ ಕತ್ತರಿಸಿ, ಮೂಲೆ ದುಂಡಗೆ ಮಾಡಬೇಡಿ.

ಹಂತ 3: ಬ್ಯಾಗು ತುಂಬುವುದು, ಆಮೇಲೆ ತೆಗೆಯುವುದು

ನೀರು, ಆಹಾರ ಎಲ್ಲ ಸೇರಿ ಬ್ಯಾಗು ನಿಮ್ಮ ದೇಹದ ತೂಕದ ಐದನೇ ಒಂದು ಭಾಗ ಮೀರಬಾರದು. 65 ಕೆ.ಜಿ. ಇದ್ದವರಿಗೆ 13 ಕೆ.ಜಿ. ಅದೂ ಮೇಲಿನ ಮಿತಿ, ಗುರಿ ಅಲ್ಲ. ರಾತ್ರಿ ಸೂರಿನಡಿ ಮಲಗುವವರಿಗೆ 6–8 ಕೆ.ಜಿ.ಯಲ್ಲಿ ಮುಗಿಯಬೇಕು. ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ., ಇದನ್ನು ಮರೆತೇ ಲೆಕ್ಕ ಹಾಕುವವರು ಜಾಸ್ತಿ.

ಇವು ಬೇಕೇ ಬೇಕು:

- ಕಾಗದದ ನಕ್ಷೆ, ಕಂಪಾಸ್, ಫೋನು, 10,000 ಎಂಎಎಚ್ ಪವರ್ ಬ್ಯಾಂಕ್
- ಮಳೆ ಜಾಕೆಟ್, ಬೆಚ್ಚನೆಯ ಒಂದು ಪದರ, ಟೋಪಿ
- ತಲೆಗೆ ಕಟ್ಟುವ ಟಾರ್ಚ್, ವಿಷಲ್, ಸಣ್ಣ ಚಾಕು
- ಬಟ್ಟೆಯಂಥ ಅಂಟುಟೇಪ್, ಗುಳ್ಳೆ ಪಟ್ಟಿ, ಸೂಜಿ, ಚಿಮಟ, ಬ್ಯಾಂಡೇಜ್, ನಿಮ್ಮ ಔಷಧಿ
- ನೀರಿನ ಬಾಟಲಿ ಎರಡು, ನೀರು ಶುದ್ಧ ಮಾಡುವ ಮಾತ್ರೆ ಅಥವಾ ಫಿಲ್ಟರ್
- ರಾತ್ರಿಗೆ ಮಾತ್ರ ಮೀಸಲಾದ ಒಣ ಬಟ್ಟೆ ಒಂದು ಜೊತೆ

ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿ. ಪ್ರತಿಯೊಂದನ್ನೂ ಕೈಗೆತ್ತಿಕೊಂಡು, ಇದಿಲ್ಲದಿದ್ದರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ. "ಏನೂ ಆಗಲ್ಲ, ಸುಮ್ನೆ ಇರಲಿ ಅಂತ" ಅನ್ನುವ ಉತ್ತರ ಬಂದರೆ ತೆಗೆದಿಡಿ. ಎರಡನೇ ಪ್ಯಾಂಟು, ನಾಲ್ಕನೇ ಟೀಶರ್ಟು, ದಪ್ಪ ಪುಸ್ತಕ, ದೊಡ್ಡ ಟವೆಲ್ಲು ಹೊರಗೆ ಬರುವುದು ಈ ಪ್ರಶ್ನೆಗೇ.

ತುಂಬುವ ಕ್ರಮ ಹೀಗೆ. ತಳದಲ್ಲಿ ಮಲಗುವ ಚೀಲ. ಅದರ ಮೇಲೆ, ಬೆನ್ನಿಗೆ ಒತ್ತಿಕೊಂಡಂತೆ, ಭಾರವಾದ ವಸ್ತು: ಆಹಾರ, ನೀರು, ಟೆಂಟು. ಹೊರಭಾಗಕ್ಕೆ ಹಗುರ ಬಟ್ಟೆ. ಮೇಲ್ಭಾಗಕ್ಕೆ ಮಳೆ ಜಾಕೆಟ್. ಭಾರ ಬೆನ್ನಿನಿಂದ ದೂರ ಕೂತರೆ ಬ್ಯಾಗು ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಬ್ಯಾಗಿನ ಮೇಲಿನ ಮಳೆ ಹೊದಿಕೆ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಎಲ್ಲ ತುಂಬಿ.

ಬ್ಯಾಗು ಹಾಕಿಕೊಳ್ಳುವಾಗ ಮೊದಲು ಸೊಂಟದ ಪಟ್ಟಿ ಬಿಗಿಯಿರಿ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಏಣಿನ ಮೇಲೆ ಕೂರಬೇಕು. ಆಮೇಲೆ ಹೆಗಲ ಪಟ್ಟಿ, ಕೊನೆಗೆ ಎದೆಯ ಪಟ್ಟಿ. ಹೆಚ್ಚಿನ ಭಾರ ಸೊಂಟದ ಮೇಲಿರಬೇಕು. ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರದಿದ್ದರೆ ಹೆಗಲಿಗೆ ಜಾಸ್ತಿ ಭಾರ ಬಿದ್ದಿದೆ ಅಂತ ತಿಳಿಯಿರಿ.

ಹಂತ 4: ತಾಲೀಮು

ಆರರಿಂದ ಎಂಟು ವಾರ ಮೊದಲೇ ಶುರು ಮಾಡಿ. ವಾರದ ದಿನಗಳಲ್ಲಿ ಒಂದೊಂದು ಗಂಟೆ, ವಾರಾಂತ್ಯಕ್ಕೆ ಒಂದು ಉದ್ದ ನಡಿಗೆ. ಜಿಮ್ಮಿನಲ್ಲಿ ಓಡುವುದರಿಂದ ಉಸಿರು ಗಟ್ಟಿಯಾಗುತ್ತದೆ, ಅಂಗಾಲು ಗಟ್ಟಿಯಾಗುವುದಿಲ್ಲ.

ಹೊರಡುವ ಎರಡು ಮೂರು ವಾರ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು: ಅದೇ ಶೂ, ಅದೇ ಸಾಕ್ಸ್, ಪೂರ್ತಿ ತುಂಬಿದ ಬ್ಯಾಗು, ಒಂದರ ಹಿಂದೆ ಒಂದು ಎರಡು ದಿನ, ದಿನಕ್ಕೆ 15 ಕಿ.ಮೀ. ಮೊದಲ ದಿನ ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ. ನೋಡಬೇಕಾದ್ದು ಎರಡನೇ ದಿನ ಬೆಳಗ್ಗೆ. ಎಲ್ಲಿ ಉಜ್ಜಿದೆ, ಎಲ್ಲಿ ಒತ್ತಿದೆ, ಯಾವ ವಸ್ತು ಬ್ಯಾಗಿನಿಂದ ಹೊರಗೇ ಬರಲಿಲ್ಲ ಎಂಬುದನ್ನು ಬರೆದುಕೊಳ್ಳಿ. ಟೆಂಟು, ಸ್ಟವ್ ಹೊಸದಾದರೆ ಅದನ್ನೂ ಆಗಲೇ ಬಳಸಿ ನೋಡಿ. ಮಳೆಯಲ್ಲಿ, ಕತ್ತಲಲ್ಲಿ, ಮೊದಲ ಸಲ ಟೆಂಟಿನ ಕಡ್ಡಿ ಜೋಡಿಸುವ ಕಷ್ಟ ಬೇಡ ಅಲ್ವಾ.

ಹಂತ 5: ದಾರಿ ತಪ್ಪದಿರಲು

ಹೆಸರಾಂತ ದಾರಿಗಳಿಗೆ ಅವುಗಳದೇ ಗುರುತು ಇರುತ್ತದೆ. ಫ್ರಾನ್ಸಿನ ಜಿಆರ್ ಎಂಬ ದೂರದ ಕಾಲುದಾರಿಗಳಲ್ಲಿ ಬಿಳಿ ಪಟ್ಟೆ, ಅದರ ಕೆಳಗೆ ಕೆಂಪು ಪಟ್ಟೆ. ಅವೇ ಎರಡು ಬಣ್ಣ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಬಳಿದಿದ್ದರೆ "ಈ ಕಡೆ ಅಲ್ಲ" ಅಂತ ಅರ್ಥ. ಸ್ಪೇನಿನ ಕಮಿನೊ ಎಂಬ ಯಾತ್ರೆಯ ದಾರಿಯಲ್ಲಿ ಹಳದಿ ಬಾಣ ಮತ್ತು ಚಿಪ್ಪು. ಅಪಲೇಚಿಯನ್ ಟ್ರೇಲಿನಲ್ಲಿ ಮರದ ಮೇಲೆ ನಿಂತ ಬಿಳಿ ಪಟ್ಟೆ. ನೀವು ಹೋಗುವ ದಾರಿಯ ಗುರುತು ಯಾವುದು, ತಿರುವು ಹೇಗೆ ತೋರಿಸುತ್ತಾರೆ ಎಂದು ಮೊದಲೇ ಕಲಿಯಿರಿ.

ನಕ್ಷೆ 1:25,000 ಅಳತೆಯದಾದರೆ 4 ಸೆಂ.ಮೀ. ಅಂದ್ರೆ 1 ಕಿ.ಮೀ. 1:50,000 ಆದರೆ 2 ಸೆಂ.ಮೀ. ಹೊಲಗಳ ನಡುವೆ ನಡೆಯುವಾಗ ಮೊದಲನೆಯದೇ ವಾಸಿ, ಬೇಲಿಗಳ ಗೆರೆಯೂ ಕಾಣುವ ಸಾಧ್ಯತೆ ಇರುತ್ತದೆ. ಫೋನಿನಲ್ಲಿ ಇಡೀ ದಾರಿಯ ನಕ್ಷೆಯನ್ನು ನೆಟ್‌ವರ್ಕ್ ಇಲ್ಲದೆ ತೆರೆಯುವಂತೆ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡಿಗೆ ಹಾಕಿ, ತೆರೆದು, ನೀಲಿ ಚುಕ್ಕೆ ಬರುತ್ತದೆಯೇ ಎಂದು ಮನೆಯಲ್ಲೇ ಖಚಿತಪಡಿಸಿಕೊಳ್ಳಿ. ನಡೆಯುವಾಗಲೂ ಅದೇ ಮೋಡಿನಲ್ಲಿಟ್ಟರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿಂದುಬಿಡುತ್ತದೆ.

ದಾರಿ ತಪ್ಪುವುದು ಕಾಡಿನ ನಡುವೆಗಿಂತ ಕವಲಿನಲ್ಲಿ ಜಾಸ್ತಿ. ಮಾತಾಡುತ್ತಾ, ಇಳಿಜಾರಿನಲ್ಲಿ, ಅಗಲವಾದ ದಾರಿ ಕಂಡ ಕಡೆಗೆ ಕಾಲು ತಾನಾಗಿ ಹೋಗುತ್ತದೆ. ಹೊಲ ಪ್ರವೇಶಿಸಿದ ಕೂಡಲೇ ಎದುರು ಅಂಚಿನಲ್ಲಿ ಹೊರಹೋಗುವ ಗೇಟು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿ, ಆಮೇಲೆ ನಡೆಯಿರಿ. ಚೆನ್ನಾಗಿ ಗುರುತು ಹಾಕಿದ ದಾರಿಯಲ್ಲಿ 15–20 ನಿಮಿಷ ಒಂದೂ ಗುರುತು ಕಾಣದಿದ್ದರೆ ನಿಲ್ಲಿ. ಕೊನೆಯ ಗುರುತು ಕಂಡ ಜಾಗಕ್ಕೆ ವಾಪಸ್ ಹೋಗಿ. "ಹೀಗೇ ಅಡ್ಡ ಹೋದರೆ ಮುಂದೆ ಸೇರಿಕೊಳ್ಳಬಹುದು" ಅನ್ನಿಸುತ್ತದಲ್ಲ, ಅದೇ ಅಪಾಯದ ಮೊದಲ ಲಕ್ಷಣ. ಅಡ್ಡದಾರಿಯಲ್ಲಿ ಮುಳ್ಳುಬೇಲಿ, ಜೌಗು, ಆಳದ ಕಾಲುವೆ ಏನು ಬೇಕಾದರೂ ಇರಬಹುದು.

ಮನೆಯಲ್ಲಿ ಒಬ್ಬರಿಗೆ ದಿನವಾರು ಪಟ್ಟಿ ಕೊಟ್ಟಿರಿ. ದಿನಾ ಎಷ್ಟು ಹೊತ್ತಿಗೆ ಸುದ್ದಿ ಕಳಿಸುತ್ತೀರಿ, ಸುದ್ದಿ ಬರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಫೋನು ಮಾಡಬೇಕು ಎಂಬುದೂ ಅದರಲ್ಲಿರಲಿ.

ಹಂತ 6: ಮೊದಲ ದಿನ

ಬೆಳಗ್ಗೆ ಬೇಗ ಹೊರಡಿ, ನಿಧಾನ ನಡೆಯಿರಿ. ಎಷ್ಟು ನಿಧಾನ ಅಂದ್ರೆ, ಏರಿನಲ್ಲೂ ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿ ಆಗಿದೆ. ನಡಿಗೆ ಕೋಲು ಇದ್ದರೆ ಮೊಣಕೈ ನೇರ ಕೋನದಲ್ಲಿ ಮಡಚುವಷ್ಟು ಉದ್ದ ಇಡಿ. ಏರಿನಲ್ಲಿ ಸ್ವಲ್ಪ ಗಿಡ್ಡ, ಇಳಿಜಾರಿನಲ್ಲಿ ಸ್ವಲ್ಪ ಉದ್ದ. ಇಳಿಯುವಾಗ ಮಂಡಿಗೆ ಬೀಳುವ ಹೊಡೆತವನ್ನು ಅದು ಹಂಚಿಕೊಳ್ಳುತ್ತದೆ.

ಹೊರಟ ಮುಕ್ಕಾಲು ಗಂಟೆಗೆ ನಿಲ್ಲಿ. ಸುಸ್ತಾಗದಿದ್ದರೂ ನಿಲ್ಲಿ. ಲೇಸು ಸಡಿಲವಾಗಿದೆಯೇ, ಸಾಕ್ಸ್ ಮಡಚಿದೆಯೇ, ಬ್ಯಾಗಿನ ಪಟ್ಟಿ ಎಲ್ಲಾದರೂ ಕಚ್ಚುತ್ತಿದೆಯೇ ನೋಡಿ. ಆಮೇಲೆ ಗಂಟೆಗೊಮ್ಮೆ ಐದು ನಿಮಿಷ. ಮಧ್ಯಾಹ್ನ ಊಟಕ್ಕೆ ಕೂತಾಗ ಶೂ, ಸಾಕ್ಸ್ ಎರಡನ್ನೂ ಬಿಚ್ಚಿ ಪಾದ ಆರಿಸಿ. ಇದೊಂದು ಅಭ್ಯಾಸ ಇಟ್ಟುಕೊಂಡರೆ ಅರ್ಧ ಗುಳ್ಳೆ ಏಳುವುದೇ ಇಲ್ಲ.

ಈಗ ಈ ಇಡೀ ಮಾರ್ಗದರ್ಶಿಯಲ್ಲಿ ನಾನು ಎರಡು ಸಲ ಓದಿ ಅನ್ನುವ ಭಾಗ. ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿಯಾಗುತ್ತದೆ. ನೋವಲ್ಲ, ಸಣ್ಣ ಉರಿ, ಸಾಕ್ಸಿನಲ್ಲಿ ಒಂದು ಮರಳಿನ ಕಾಳು ಇದ್ದ ಹಾಗೆ. ಆ ಕ್ಷಣವೇ ನಿಲ್ಲಬೇಕು. ಮುಂದಿನ ಗುಡ್ಡ ಹತ್ತಿ ನೋಡೋಣ, ಊರು ಸಿಕ್ಕಮೇಲೆ ನೋಡೋಣ ಅಂತ ಮುಂದೂಡಿದರೆ ಅರ್ಧ ಗಂಟೆಯಲ್ಲೇ ಕೆಲಸ ಕೆಟ್ಟಿರಬಹುದು. ಕೂತು ಶೂ ಬಿಚ್ಚಿ. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ, ಸುತ್ತಲಿನದಕ್ಕಿಂತ ಬೆಚ್ಚಗಿರುತ್ತದೆ. ಬೆವರು ಒರೆಸಿ, ಪೂರ್ತಿ ಒಣಗಲು ಬಿಡಿ. ಟೇಪನ್ನು ಆ ಜಾಗಕ್ಕಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ ಸಾಕ್ಸು ಅಲ್ಲಿಂದಲೇ ಟೇಪನ್ನು ಸುರುಳಿ ಸುತ್ತುತ್ತದೆ. ಎಳೆಯದೆ, ಸುಕ್ಕಿಲ್ಲದೆ ಅಂಟಿಸಿ. ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಬಿಸಿಗೆ ಅಂಟು ಕೂರುತ್ತದೆ. ಒಣ ಸಾಕ್ಸ್ ಹಾಕಿ, ಲೇಸು ಮತ್ತೆ ಕಟ್ಟಿ.

ಗುಳ್ಳೆ ಎದ್ದೇ ಬಿಟ್ಟರೆ? ಸಣ್ಣದಿದ್ದು ನೋವಿಲ್ಲದಿದ್ದರೆ ಮುಟ್ಟಬೇಡಿ, ಗುಳ್ಳೆ ಪಟ್ಟಿ ಹಾಕಿ. ದೊಡ್ಡದಾಗಿ, ಹೆಜ್ಜೆ ಇಡಲು ಬಿಡದಿದ್ದರೆ ಮಾತ್ರ ನೀರು ತೆಗೆಯಿರಿ. ಕೈ ತೊಳೆದು, ಗುಳ್ಳೆಯನ್ನೂ ಸೂಜಿಯನ್ನೂ ಸ್ಪಿರಿಟ್ಟಿನಿಂದ ಒರೆಸಿ, ಅಂಚಿನಲ್ಲಿ ಒಂದೆರಡು ಕಡೆ ಚುಚ್ಚಿ, ಮೆಲ್ಲಗೆ ಒತ್ತಿ. ಮೇಲಿನ ಚರ್ಮ ಕೀಳಬೇಡಿ. ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದರ ಮೇಲೆ ವ್ಯಾಸಲೀನ್ ಸವರಿ ಬ್ಯಾಂಡೇಜ್ ಹಾಕಿ. ಸಕ್ಕರೆ ಕಾಯಿಲೆ ಇರುವವರು ಇದನ್ನು ತಾವೇ ಮಾಡಬಾರದು, ವೈದ್ಯರಿಗೆ ತೋರಿಸಬೇಕು. ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಕಂಡರೆ, ಕೆಂಪು ಗೆರೆ ಮೇಲಕ್ಕೆ ಹೋಗುತ್ತಿದ್ದರೆ, ಜ್ವರ ಬಂದರೆ ಅದು ಸೋಂಕು. ನಡಿಗೆ ಅಲ್ಲಿಗೇ ನಿಲ್ಲಿಸಿ.

ಮಧ್ಯಾಹ್ನ ಮೂರಕ್ಕೇ ತಂಗುವ ಜಾಗ ಸಿಕ್ಕಿತು, ಕಾಲಲ್ಲಿ ಇನ್ನೂ ಶಕ್ತಿ ಇದೆ ಅಂದುಕೊಳ್ಳಿ. ಅಲ್ಲೇ ಉಳಿಯಿರಿ.

ಹಂತ 7: ನೀರು ಮತ್ತು ಊಟ

ಹೊಲ, ಹುಲ್ಲುಗಾವಲಿನ ನಡುವೆ ಹರಿಯುವ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಮೇಲೆ ಎಲ್ಲೋ ದನ ನಿಂತಿರುತ್ತದೆ. ಚೆನ್ನಾಗಿ ಕೊತಕೊತ ಕುದಿಸಿ ಒಂದು ನಿಮಿಷ ಬಿಡಿ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಮಾತ್ರೆ ಹಾಕಿದರೆ ಅದರ ಮೇಲೆ ಬರೆದಷ್ಟು ಹೊತ್ತು ಕಾಯಲೇಬೇಕು, ನೀರು ತಣ್ಣಗಿದ್ದರೆ ಇನ್ನೂ ಜಾಸ್ತಿ. ಸಾಮಾನ್ಯ ಫಿಲ್ಟರುಗಳು ಬ್ಯಾಕ್ಟೀರಿಯಾ ತಡೆಯುತ್ತವೆ, ವೈರಸ್ ತಡೆಯುವುದಿಲ್ಲ. ಸಣ್ಣ ಕೊಳವೆಗಳಿರುವ ಫಿಲ್ಟರು ಒಂದು ಸಲ ಹೆಪ್ಪುಗಟ್ಟಿದರೆ ಒಳಗೆ ಒಡೆದಿರಬಹುದು, ಹೊರಗೆ ಗೊತ್ತಾಗುವುದಿಲ್ಲ. ಚಳಿ ರಾತ್ರಿಗಳಲ್ಲಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಹೊಲಕ್ಕೆ ಹೊಡೆದ ರಾಸಾಯನಿಕ ಕುದಿಸಿದರೂ ಹೋಗುವುದಿಲ್ಲ, ಹಾಗಾಗಿ ಹೊಲದ ಕಾಲುವೆ ನೀರು ಬಿಟ್ಟುಬಿಡಿ.

ಬಾಯಾರಿದಾಗಲೆಲ್ಲ ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ ಸಾಲುತ್ತಿಲ್ಲ ಅಂತ. ಹಾಗಂತ ಬೆವರು ಸುರಿಯುವ ದಿನ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ತಪ್ಪು. ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆನೋವು, ವಾಕರಿಕೆ, ಗೊಂದಲ ಬರುತ್ತದೆ. ಜೊತೆಗೆ ಉಪ್ಪಿರುವ ಏನಾದರೂ ತಿನ್ನಿ.

ಊಟವನ್ನು ಒಂದೇ ಸಲ ಹೊಟ್ಟೆ ಬಿರಿಯ ತಿನ್ನುವ ಬದಲು ಒಂದೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಮಧ್ಯಾಹ್ನದ ಮೇಲೆ ಕಾರಣವಿಲ್ಲದೆ ಸಿಡುಕು ಬಂದರೆ, ಎಲ್ಲ ಬಿಟ್ಟು ಮನೆಗೆ ಹೋಗೋಣ ಅನ್ನಿಸಿದರೆ, ನಿರ್ಧಾರ ಮಾಡುವ ಮೊದಲು ಏನಾದರೂ ತಿಂದು ಹತ್ತು ನಿಮಿಷ ಕೂರಿ. ಬಹಳ ಸಲ ಅದು ಬರೀ ಹಸಿವಾಗಿರುತ್ತದೆ.

ಹಂತ 8: ದನ, ಗೇಟು, ಹೊಳೆ, ರಸ್ತೆ

ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದು ಕಟ್ಟಿದ್ದರೆ ಮುಚ್ಚಲು ಹೋಗಬೇಡಿ, ದನಗಳು ನೀರಿಗೆ ಹೋಗುವ ದಾರಿ ಅದಾಗಿರಬಹುದು. ಬೆಳೆ ಇದ್ದ ಹೊಲದಲ್ಲಿ ಒಬ್ಬರ ಹಿಂದೆ ಒಬ್ಬರು, ದಾರಿಯ ಮೇಲೇ ನಡೆಯಿರಿ.

ಕರು ಜೊತೆಗಿರುವ ಹಸುಗಳ ಬಳಿ ಹುಷಾರು. ತಾಯಿ ಮತ್ತು ಕರುವಿನ ನಡುವೆ ಯಾವತ್ತೂ ಹಾಯಬೇಡಿ, ದೂರದಿಂದ ಸುತ್ತಿ ಹೋಗಿ. ಹಿಂದೆ ಬಂದರೆ ಓಡಬೇಡಿ. ಶಾಂತವಾಗಿ, ಅವುಗಳ ಕಡೆ ಒಂದು ಕಣ್ಣಿಟ್ಟು, ಬೇಲಿಯ ಕಡೆ ನಡೆಯಿರಿ. ನಾಯಿ ಜೊತೆಗಿದ್ದು ಹಸುಗಳು ನುಗ್ಗಿ ಬಂದರೆ ಹಗ್ಗ ಬಿಟ್ಟುಬಿಡಿ. ಅವು ಅಟ್ಟಿಸಿಕೊಂಡು ಬರುವುದು ನಾಯಿಯನ್ನು, ನಾಯಿ ನಿಮಗಿಂತ ಜೋರಾಗಿ ಓಡುತ್ತದೆ.

ಹೊಳೆ ದಾಟುವಾಗ ಅಗಲವಾಗಿ, ತೆಳುವಾಗಿ ಹರಿಯುವ ಜಾಗ ಹುಡುಕಿ. ಇಕ್ಕಟ್ಟಾದ ಜಾಗ ಹತ್ತಿರ ಕಂಡರೂ ಅಲ್ಲಿ ನೀರು ಆಳ, ರಭಸ ಜಾಸ್ತಿ. ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ. ಬಿದ್ದರೆ ಬ್ಯಾಗನ್ನು ಕಳಚಿಕೊಳ್ಳಲು ಆಗಬೇಕು. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡ ಹೆಜ್ಜೆ ಹಾಕಿ. ರಭಸದ ನೀರು ಮಂಡಿ ಮೀರಿದರೆ, ಬಣ್ಣ ಕೆಂಪಗೆ ಕದಡಿದ್ದರೆ, ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಕೇಳಿದರೆ ಇಳಿಯಬೇಡಿ. ಕಾಯಿರಿ, ಇಲ್ಲವೇ ಸೇತುವೆಗೆ ಸುತ್ತಿ ಹೋಗಿ.

ಪಕ್ಕದಲ್ಲಿ ಕಾಲುದಾರಿ ಇಲ್ಲದ ರಸ್ತೆಯಲ್ಲಿ ಎದುರಿನಿಂದ ವಾಹನ ಬರುವ ಬದಿಯಲ್ಲೇ ನಡೆಯಿರಿ.

ಹಂತ 9: ಮಳೆ, ಚಳಿ, ಬಿಸಿಲು, ಸಿಡಿಲು

ಚಳಿ ಹೊಡೆಯಲು ಹಿಮ ಬೀಳಬೇಕಿಲ್ಲ. 10 ಡಿಗ್ರಿ ಇದ್ದರೂ ಒದ್ದೆ ಬಟ್ಟೆ, ಗಾಳಿ, ಹಸಿವು ಮೂರೂ ಸೇರಿದರೆ ದೇಹದ ಶಾಖ ಇಳಿಯುತ್ತದೆ. ನಡುಕ, ಎಡವುವುದು, ಮಾತು ತೊದಲುವುದು, ಜಿಪ್ ಹಾಕಲು ಬೆರಳು ಬಾರದಿರುವುದು ಮೊದಲ ಲಕ್ಷಣ. ಜೊತೆಯವರು ಇದ್ದಕ್ಕಿದ್ದಂತೆ ಮೌನವಾದರೆ, ಹಿಂದೆ ಬಿದ್ದರೆ ಗಮನಿಸಿ. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಅದು ಗಂಭೀರ, ತಕ್ಷಣ ಸಹಾಯ ಕರೆಯಿರಿ. ಗಾಳಿ ಬೀಳದ ಕಡೆ ಕೂರಿಸಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಕೆಳಗೆ ಬ್ಯಾಗೋ ಚಾಪೆಯೋ ಹಾಸಿ. ಎಚ್ಚರ ಇದ್ದು ನುಂಗಲು ಆದರೆ ಬಿಸಿ, ಸಿಹಿ ಪಾನೀಯ ಕೊಡಿ. ಮದ್ಯ ಬೇಡ, ಕೈಕಾಲು ಉಜ್ಜುವುದೂ ಬೇಡ.

ಮಳೆ ಜಾಕೆಟನ್ನು ನೆಂದ ಮೇಲಲ್ಲ, ಹನಿ ಬಿದ್ದ ಕೂಡಲೇ ಹಾಕಿ. ಏರು ಹತ್ತುವ ಮೊದಲು ಒಂದು ಪದರ ಕಳಚಿ, ಇಲ್ಲದಿದ್ದರೆ ಒಳಗಿನ ಬೆವರಿನಿಂದಲೇ ಒದ್ದೆಯಾಗುತ್ತೀರಿ.

ಬಿಸಿಲಲ್ಲಿ ತಲೆಸುತ್ತು, ತಲೆನೋವು, ವಾಕರಿಕೆ, ಜಾಸ್ತಿ ಬೆವರು ಕಂಡರೆ ನೆರಳಿಗೆ ಹೋಗಿ, ಮೈಗೆ ನೀರು ಹಚ್ಚಿ, ಮಲಗಿ. ಮಾತು ಅಸ್ತವ್ಯಸ್ತವಾಗಿ ಪ್ರಜ್ಞೆ ತಪ್ಪುವಂತಾದರೆ ಅದು ಬಿಸಿಲಿನ ಹೊಡೆತ, ಜೀವಕ್ಕೆ ಅಪಾಯ. ನೀರು ಸುರಿದು ತಂಪು ಮಾಡುತ್ತಲೇ ಸಹಾಯ ಕರೆಯಿರಿ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರವಿದೆ. ಗುಡ್ಡದ ನೆತ್ತಿ, ಬಯಲು, ಒಂಟಿ ಮರ, ತಂತಿಬೇಲಿ ಬಿಟ್ಟು ಕಟ್ಟಡವೋ ವಾಹನವೋ ಇರುವಲ್ಲಿಗೆ ಇಳಿಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಡಿ.

ಹಂತ 10: ಸಂಜೆ ತಂಗಿದ ಮೇಲೆ

ಮೊದಲು ಪಾದ, ಆಮೇಲೆ ಹೊಟ್ಟೆ. ತೊಳೆದು, ಬೆರಳ ಸಂದಿ ಒರೆಸಿ, ಒಣ ಸಾಕ್ಸ್ ಹಾಕಿ. ಶೂವಿನ ಒಳ ಹಾಸು ಹೊರಗೆ ತೆಗೆದು ಒಣಗಲು ಇಡಿ. ಶೂವನ್ನು ಬೆಂಕಿಯ ಹತ್ತಿರ ಇಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ.

ಹುಲ್ಲಿನಲ್ಲಿ ನಡೆದಿದ್ದರೆ ಉಣುಗು ಕಚ್ಚಿಕೊಂಡಿದೆಯೇ ನೋಡಿ: ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಕೂದಲಿನ ಅಂಚು. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ, ತಿರುಚಬೇಡಿ, ಸುಡಬೇಡಿ, ಎಣ್ಣೆ ಹಚ್ಚಬೇಡಿ. ಮುಂದಿನ ವಾರಗಳಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನು ಹೇಳಿ.

ಬಯಲಿನಲ್ಲೇ ಮಲವಿಸರ್ಜನೆ ಆಗಬೇಕಾದರೆ ನೀರಿನಿಂದ, ದಾರಿಯಿಂದ, ಟೆಂಟಿನಿಂದ 60 ಮೀಟರ್ ದೂರ ಹೋಗಿ 15–20 ಸೆಂ.ಮೀ. ಗುಂಡಿ ತೋಡಿ ಮುಚ್ಚಿ. ಕಾಗದವನ್ನು ಚೀಲದಲ್ಲಿ ವಾಪಸ್ ತನ್ನಿ.

ಮಲಗುವ ಮೊದಲು ನಾಳೆಯ ದಾರಿಯನ್ನು ನಕ್ಷೆಯಲ್ಲಿ ಒಮ್ಮೆ ಬೆರಳಿಟ್ಟು ನೋಡಿ. ಮೊದಲ ಕವಲು ಎಲ್ಲಿ, ದೊಡ್ಡ ಏರು ಯಾವಾಗ, ಮೊದಲ ನೀರು ಎಷ್ಟು ದೂರ, ಇಷ್ಟೇ ಸಾಕು.

ಯಾವಾಗ ನಿಲ್ಲಿಸಬೇಕು

ಸ್ನಾಯು ನೋವು ಸಹಜ. ಬೆಳಗ್ಗೆ ಬಿಗಿ ಇರುತ್ತದೆ, ಅರ್ಧ ಗಂಟೆ ನಡೆದರೆ ಸಡಿಲವಾಗುತ್ತದೆ. ನಡೆದಷ್ಟೂ ಜಾಸ್ತಿಯಾಗುವ ನೋವು ಬೇರೆ. ಬೆರಳಿನಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ, ಕಣಕಾಲು ಅಥವಾ ಮಂಡಿ ಊದಿದ್ದರೆ, ನೋವು ತಪ್ಪಿಸಲು ನಡಿಗೆಯ ರೀತಿಯೇ ಬದಲಾಗಿದ್ದರೆ ಒಂದು ದಿನ ಪೂರ್ತಿ ನಿಲ್ಲಿ. ಒಂದು ಕಾಲನ್ನು ಉಳಿಸಲು ಕುಂಟಿದರೆ ಇನ್ನೊಂದು ಕಾಲಿನ ಮಂಡಿ ಹೋಗುತ್ತದೆ. ನೋವಿನ ಮಾತ್ರೆ ನುಂಗಿ ಅದನ್ನು ಮುಚ್ಚಿಟ್ಟುಕೊಂಡು ನಡೆಯುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಒಂದು ದಿನದ ವಿಶ್ರಾಂತಿಯ ನಂತರವೂ ಕುಂಟುವುದು ಹೋಗದಿದ್ದರೆ ಹೊರಬನ್ನಿ.

ನಡೆಯಲು ಆಗದ ಜಾಗದಲ್ಲಿ ಸಿಕ್ಕಿಕೊಂಡರೆ ವಿಷಲ್ ಬಳಸಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ. ಕತ್ತಲಲ್ಲಿ ಟಾರ್ಚಿನಿಂದಲೂ ಇದೇ ಲೆಕ್ಕ. ಉತ್ತರವಾಗಿ ಮೂರು ಸಲ ಕೇಳಿದರೂ ಅವರು ನಿಮ್ಮನ್ನು ತಲುಪುವವರೆಗೆ ಊದುತ್ತಲೇ ಇರಿ, ಅವರು ಜಾಗ ಹುಡುಕುವುದು ಆ ಸದ್ದಿನಿಂದಲೇ.

ನೀವಾಗೇ ಹೊರಬರುತ್ತಿದ್ದರೆ ಹಂತ 1ರಲ್ಲಿ ಬರೆದಿಟ್ಟ ಹತ್ತಿರದ ರಸ್ತೆಗೆ ಇಳಿಯಿರಿ. ಮನೆಯವರಿಗೆ, ಮುಂದಿನ ರಾತ್ರಿಗೆ ಜಾಗ ಹೇಳಿಟ್ಟವರಿಗೆ ಸುದ್ದಿ ಮುಟ್ಟಿಸಿ, ಇಲ್ಲದಿದ್ದರೆ ನೀವು ಬರಲಿಲ್ಲ ಅಂತ ಹುಡುಕಾಟ ಶುರುವಾಗಬಹುದು. ದಾರಿ ಬಿಟ್ಟ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಸಲ ಅಲ್ಲಿಂದಲೇ ಹೊರಡಬಹುದು, ಆದರೆ ಆಗಲೂ ಮೊದಲ ಮೂರು ದಿನ 12–15 ಕಿ.ಮೀ. ಲೆಕ್ಕವೇ.